ಬಣ್ಣ ಎಲ್ಲಿ ನಿಂತಿದೆ ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮರದ ಬಗ್ಗೆಯೇ ಇವೆ. ಕಳೆದ ಸಂಚಿಕೆಯಲ್ಲಿ ಜರ್ಮನಿಯ ಶಿಲ್ಪಿ ಸ್ಟೆಫಾನ್ ಬಾಲ್ಕೆನ್‌ಹೋಲ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅವರ ಬಣ್ಣದ ಮರದ ಮನುಷ್ಯರನ್ನು ಫೋನಿನಲ್ಲಿ ಹುಡುಕಿ ನೋಡಿ ಎಂದಿದ್ದೆ. ಬಹಳ ಜನ ನೋಡಿದ್ದಾರೆ. ಕೆಲವರ ಮನಸ್ಸಿಗೆ ಬಂದಿದೆ, ಕೆಲವರಿಗೆ ಸಿಟ್ಟು ಬಂದಿದೆ. ಸಿಟ್ಟು ಬಂದವರ ಪತ್ರದಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಅಕ್ಕಾ, ನೀವು ಹೇಳಿದ ಶಿಲ್ಪಿಯ ಕೆಲಸ ನೋಡಿದೆ. ಬಿಳಿ ಅಂಗಿ, ಕರಿ ಪ್ಯಾಂಟು ಹಾಕಿಕೊಂಡ ಒಬ್ಬ ಮನುಷ್ಯ ಸುಮ್ನೆ ನಿಂತಿದ್ದಾನೆ. ಮೈಯೆಲ್ಲ ಉಳಿಯ ಏಟು. ಮುಖಕ್ಕೆ ಬಣ್ಣವೂ ಪೂರ್ತಿ ಇಲ್ಲ. ಬಣ್ಣದ ಮರದ ಗೊಂಬೆ ಮಾಡುವ ನಮ್ಮ ಕಿನ್ನಾಳದವರು ಹೀಗೆ ಮಾಡಿದ್ದರೆ ಅರ್ಧಕ್ಕೆ ಬಿಟ್ಟಿದ್ದಾರೆ ಎನ್ನುತ್ತಿದ್ದೆವು. ಆದರೂ ಅದು ಶಿಲ್ಪ, ನಮ್ಮದು ಗೊಂಬೆ. ಯಾಕೆ? 
ಪದವಿ ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ತಂಗೀ, ನಿನ್ನ ಸಿಟ್ಟಿನಲ್ಲಿ ಎರಡು ಪ್ರಶ್ನೆ ಇವೆ. ಆ ಕೆಲಸ ಅರ್ಧಕ್ಕೆ ಬಿಟ್ಟಂತೆ ಯಾಕೆ ಕಾಣುತ್ತದೆ ಎನ್ನುವುದು ಒಂದು. ಶಿಲ್ಪ ಯಾವುದು, ಗೊಂಬೆ ಯಾವುದು ಎಂದು ತೀರ್ಮಾನ ಮಾಡಿದವರು ಯಾರು ಎನ್ನುವುದು ಇನ್ನೊಂದು. ಮೊದಲನೆಯದನ್ನು ಮೊದಲು ನೋಡೋಣ.

ಬಾಲ್ಕೆನ್‌ಹೋಲ್ ಹುಟ್ಟಿದ್ದು 1957ರಲ್ಲಿ, ಜರ್ಮನಿಯ ಫ್ರಿಟ್ಸ್‌ಲಾರ್ ಎಂಬ ಊರಿನಲ್ಲಿ. ಕಲಿತದ್ದು ಹ್ಯಾಂಬರ್ಗ್‌ನಲ್ಲಿ, ಉಲ್ರಿಷ್ ರ‍್ಯೂಕ್‌ರೀಮ್ ಎಂಬ ಶಿಲ್ಪಿಯ ಹತ್ತಿರ. ಆ ಗುರುವಿನ ಕೆಲಸವೆಂದರೆ ದೊಡ್ಡ ಕಲ್ಲುಬಂಡೆಯನ್ನು ಸೀಳಿ ಮತ್ತೆ ಜೋಡಿಸಿ ನಿಲ್ಲಿಸುವುದು. ಅದರಲ್ಲಿ ಕೈಕಾಲು, ಮುಖ ಏನೂ ಇರುವುದಿಲ್ಲ. ಆ ಕಾಲಕ್ಕೆ ಅಲ್ಲಿ ಮನುಷ್ಯನ ಆಕಾರ ಕೆತ್ತುವುದು ಹಳೇ ಮಾತು ಎನಿಸಿಬಿಟ್ಟಿತ್ತು. ಶಿಷ್ಯ ಹಿಡಿದದ್ದು ಅದನ್ನೇ. ಆದರೆ ಎಂಥ ಮನುಷ್ಯ? ರಾಜನಲ್ಲ, ಸಂತನಲ್ಲ, ಯುದ್ಧ ಗೆದ್ದವನಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪಕ್ಕದಲ್ಲೇ ಅರ್ಧ ತಾಸು ನಿಂತಿದ್ದು, ಬಸ್ ಹತ್ತಿದ ಮೇಲೆ ಅವನ ಮುಖ ನಮಗೆ ನೆನಪೇ ಇರದ ಮನುಷ್ಯ. ಅವನು ನಗುವುದಿಲ್ಲ, ಅಳುವುದಿಲ್ಲ, ನಮಗೆ ಏನೂ ಹೇಳಲು ಹೊರಟಿಲ್ಲ.

ಕೆತ್ತುವ ರೀತಿಯನ್ನೂ ನೋಡು. ಸಾಮಾನ್ಯವಾಗಿ ಒಂದೇ ದಿಮ್ಮಿ. ಕೆಳಗಿನ ಪೀಠ, ಮೇಲಿನ ಮನುಷ್ಯ ಎರಡೂ ಅದೇ ದಿಮ್ಮಿಯಲ್ಲಿ. ಅವರು ಹೆಚ್ಚಾಗಿ ಬಳಸುವುದು ವಾವಾ ಎಂಬ ಆಫ್ರಿಕಾದ ಮೆತ್ತನೆಯ ಮರ. ಮೊದಲು ಯಂತ್ರದ ಗರಗಸ, ಆಮೇಲೆ ಉಳಿ, ಕೊಡತಿ. ಕೆತ್ತಿದ ಮೇಲೆ ಉಜ್ಜಿ ನುಣುಪು ಮಾಡುವುದಿಲ್ಲ. ಉಳಿ ಬಿದ್ದಲ್ಲೆಲ್ಲ ಅದರ ಗುರುತು ಹಾಗೇ ಇರುತ್ತದೆ, ಸಿಬರು ಎದ್ದಿದ್ದರೆ ಅದೂ ಇರುತ್ತದೆ. ದಿಮ್ಮಿ ಒಣಗುತ್ತಾ ಬಿರುಕು ಬಿಟ್ಟರೆ ಅದನ್ನೂ ಮುಚ್ಚುವುದಿಲ್ಲ. ಕೊನೆಗೆ ಬಣ್ಣ. ಅಂಗಿಗೆ ಬಿಳಿ, ಪ್ಯಾಂಟಿಗೆ ಕಪ್ಪು, ಕೂದಲಿಗೆ ಒಂದು ಬಣ್ಣ, ಕಣ್ಣಿಗೆ, ತುಟಿಗೆ ಚೂರು. ಮುಖ, ಕೈ ಮಾತ್ರ ಮರದ ಬಣ್ಣದಲ್ಲೇ ಉಳಿಯುತ್ತವೆ.

ಈಗ ಆ ಫೋಟೋ ಮತ್ತೆ ತೆಗೆ. ಬಣ್ಣ ಎಲ್ಲಿ ನಿಂತಿದೆ? ಕಾಲರ್ ಹತ್ತಿರ. ಮಣಿಕಟ್ಟಿನ ಹತ್ತಿರ. ಬಟ್ಟೆ ಮುಗಿದು ಮೈ ಶುರುವಾಗುವ ಜಾಗದಲ್ಲಿ. ಅಲ್ಲಿಂದ ಆಚೆ ಮರವೇ ಚರ್ಮ. ಪೂರ್ತಿ ಬಣ್ಣ ಬಳಿದಿದ್ದರೆ ಅದು ಬಟ್ಟೆ ಅಂಗಡಿಯ ಬಾಗಿಲಲ್ಲಿ ಸೀರೆ ಉಡಿಸಿ ನಿಲ್ಲಿಸುವ ಬೊಂಬೆಯಂತೆ ಆಗುತ್ತಿತ್ತು, ಬಣ್ಣವನ್ನೇ ಹಚ್ಚದಿದ್ದರೆ ಕೆತ್ತಿದ ಕಟ್ಟಿಗೆ ಅಷ್ಟೇ ಆಗಿರುತ್ತಿತ್ತು. ಅವರು ಎರಡರ ನಡುವೆ ನಿಲ್ಲಿಸಿದ್ದಾರೆ. ಹಾಗಾಗಿ ನಮ್ಮ ಕಣ್ಣು ಒಮ್ಮೆ ಮನುಷ್ಯನನ್ನು ಕಾಣುತ್ತದೆ, ಮರುಗಳಿಗೆ ಮರವನ್ನು ಕಾಣುತ್ತದೆ, ಮತ್ತೆ ಮನುಷ್ಯನನ್ನು. ಇದು ಅರ್ಧಕ್ಕೆ ಬಿಟ್ಟ ಕೆಲಸ ಅಲ್ಲ. ಎಲ್ಲಿ ಬಿಡಬೇಕು ಎಂದು ಗೊತ್ತಿರುವ ಕೈಯ ಕೆಲಸ. 1992ರಲ್ಲಿ ಇಂಥದೊಂದು ಮನುಷ್ಯನನ್ನು ಲಂಡನ್ನಿನ ಥೇಮ್ಸ್ ನದಿಯಲ್ಲಿ, ದೋಣಿಗಳಿಗೆ ಗುರುತಾಗಿ ನೀರಲ್ಲಿ ತೇಲಿಸಿಡುತ್ತಾರಲ್ಲ ಆ ಬೋಯ್ ಮೇಲೆ ನಿಲ್ಲಿಸಿದ್ದರು. ಯಾರೋ ನಿಜವಾಗಿ ನದಿ ನಡುವೆ ಸಿಕ್ಕಿಕೊಂಡಿದ್ದಾರೆ ಎಂದು ದಡದಲ್ಲಿದ್ದ ಜನ ಗಾಬರಿಯಾದರು. ಹತ್ತಿರ ಹೋದರೆ ಉಳಿಯ ಏಟು ಲೆಕ್ಕ ಹಾಕಬಹುದಾದ ಒರಟು ಕೆಲಸ ಅದು. ದೂರದಿಂದ ಮಾತ್ರ ಒಬ್ಬ ಮನುಷ್ಯ, ಅದೂ ಒಬ್ಬಂಟಿ.

ಅವರದ್ದೇ 57 ಪೆಂಗ್ವಿನ್‌ಗಳನ್ನೂ ನೋಡು. 1991ರ ಕೆಲಸ, ಈಗ ಫ್ರಾಂಕ್‌ಫರ್ಟ್‌ನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿದೆ. ಪ್ರತಿ ಹಕ್ಕಿಗೂ ಅದರದೇ ಪೀಠ, ಒಂದರಂತೆ ಇನ್ನೊಂದು ನಿಂತಿಲ್ಲ. ಒಂದು ಕತ್ತು ಹೊರಳಿಸಿದೆ, ಒಂದು ಕೆಳಗೆ ನೋಡುತ್ತಿದೆ. ಕಪ್ಪು, ಬಿಳಿ, ಸ್ವಲ್ಪ ಹಳದಿ. ನನಗೆ ಅವರ ಕೆಲಸದಲ್ಲಿ ಬಹಳ ಇಷ್ಟವಾದದ್ದು ಇದೇ. ಪೆಂಗ್ವಿನ್ ಎಂದರೆ ಎಲ್ಲ ಒಂದೇ ಥರ ಎಂದುಕೊಂಡಿರುತ್ತೇವೆ, ಅಲ್ವಾ? 57 ಸಲ ಕೆತ್ತಿದವರಿಗೆ ಹಾಗೆ ಅನ್ನಿಸಿಲ್ಲ.

ಈಗ ಕಿನ್ನಾಳಕ್ಕೆ ಬಾ. ನಿಮ್ಮ ಊರಿನಿಂದ ಹನ್ನೆರಡು ಹದಿಮೂರು ಕಿಲೋಮೀಟರ್, ಅಷ್ಟೇ. ಅಲ್ಲಿನ ಚಿತ್ರಗಾರರ ಮನೆಯಲ್ಲಿ ಕೆಲಸ ನೋಡಿದರೆ ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಅಲ್ಲೂ ಹಗುರವಾದ ಮರವೇ. ಆದರೆ ಒಂದೇ ದಿಮ್ಮಿ ಅಲ್ಲ, ತುಂಡು ತುಂಡು ಕೆತ್ತಿ ಜೋಡಿಸುತ್ತಾರೆ. ಗರುಡನಿಗೆ 12 ತುಂಡು, ಸಿಂಹಾಸನದ ಮೇಲೆ ಕೂತ ಗಣಪತಿಗೆ 22. ಜೋಡಿಸುವ ಅಂಟು ಹುಣಸೆ ಬೀಜದ್ದು. ಗೋಣಿಯ ಚೂರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಸರಿ ಸೇರಿಸಿ ಕಲಸಿದ್ದೇ ಕಿಟ್ಟ. ಅದನ್ನು ಕೈಯಿಂದ ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ಚೂರು ಅಂಟಿಸುತ್ತಾರೆ. ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಒಡವೆಗಳನ್ನು ಕೆತ್ತುವುದಿಲ್ಲ, ಇದೇ ಕಲ್ಲುಪುಡಿಗೆ ಅಂಟು ಬೆರೆಸಿ ಉಬ್ಬಾಗಿ ಎಳೆಯುತ್ತಾರೆ. ಇಷ್ಟೆಲ್ಲ ಆದ ಮೇಲೆ ಬಣ್ಣ. ಬಣ್ಣ ಎಲ್ಲಿ ನಿಂತಿದೆ ಎಂದು ಇಲ್ಲೂ ಕೇಳು. ಎಲ್ಲೂ ನಿಂತಿಲ್ಲ! ಬೆನ್ನಿಗೂ ಇದೆ, ಪೀಠದ ಅಂಚಿಗೂ ಇದೆ. ಮರ ಒಂದು ಎಳೆಯೂ ಕಾಣಬಾರದು. ಕಂಡರೆ ದೇವರು ಹೋಗಿ ಕಟ್ಟಿಗೆ ಕಾಣುತ್ತದೆ. ಬಾಲ್ಕೆನ್‌ಹೋಲ್‌ಗೆ ಮರ ಕಾಣಬೇಕು, ಚಿತ್ರಗಾರರಿಗೆ ಮರ ಮರೆಯಾಗಬೇಕು. ಒಂದರ ಅಳತೆಗೋಲು ಹಿಡಿದು ಇನ್ನೊಂದನ್ನು ಅಳೆದರೆ ಎರಡೂ ತಪ್ಪಾಗಿ ಕಾಣುತ್ತವೆ.

ಇನ್ನು ನಿನ್ನ ಎರಡನೇ ಪ್ರಶ್ನೆ. ಬಣ್ಣ ಇದ್ದರೆ ಗೊಂಬೆ, ಬಣ್ಣ ಇಲ್ಲದಿದ್ದರೆ ಶಿಲ್ಪ ಎಂಬ ಮಾತು ನಮ್ಮ ನೆಲದ್ದಲ್ಲ. ಯುರೋಪಿನವರು ಹಳೆಯ ಗ್ರೀಕ್ ಮೂರ್ತಿಗಳನ್ನು ಮಣ್ಣಿನಿಂದ ತೆಗೆದಾಗ ಅವು ಬೆಳ್ಳಗಿದ್ದವು. ಶ್ರೇಷ್ಠ ಶಿಲ್ಪ ಎಂದರೆ ಬಿಳಿ ಎಂದು ಅವರು ನಂಬಿಬಿಟ್ಟರು. ನಿಜದಲ್ಲಿ ಆ ಮೂರ್ತಿಗಳಿಗೆ ಗಾಢ ಬಣ್ಣ ಇತ್ತು, ಕಾಲ ತೊಳೆದಿತ್ತು. ಈ ನಂಬಿಕೆ ಬ್ರಿಟಿಷರ ಕಾಲದ ಕಲಾ ಶಾಲೆಗಳ ಜೊತೆ ಇಲ್ಲಿಗೂ ಬಂತು. ಮದ್ರಾಸಿನ ಶಾಲೆ ಶುರುವಾದದ್ದು 1850ರಲ್ಲಿ. ಆಮೇಲೆ ಕಲೆ ಬೇರೆ, ಕರಕುಶಲ ಬೇರೆ ಎಂಬ ಎರಡು ಪಂಕ್ತಿ ಆಯಿತು. ಹಂಪಿಯ ಕಲ್ಲಿನ ರಥವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಸಂದುಗಳಲ್ಲಿ ಹಳೆಯ ಬಣ್ಣದ ಗುರುತು ಉಳಿದಿದೆ. ನಾವು ಕಲ್ಲಿಗೂ ಬಣ್ಣ ಹಚ್ಚಿದ ಜನ. ವಿರೂಪಾಕ್ಷ ಗುಡಿಯ ಛತ್ತಿನ ಚಿತ್ರಗಳು ಮತ್ತು ಅಲ್ಲಿನ ಮರದ ತೇರಿನ ಕುಸುರಿ ಈ ಕಿನ್ನಾಳದವರ ಹಿರಿಯರದೇ ಎಂದು ಹೇಳುತ್ತಾರೆ.

ಗೊಂಬೆ ಎಂಬ ಮಾತಿಗೆ ಮಾತ್ರ ನೀನು ನಾಚಬೇಡ. ನಿಮ್ಮದೇ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಗೊಂಬೆ ಆಡಿಸಿದ್ದಕ್ಕೇ. ಅದು ಸಣ್ಣ ಮಾತಲ್ಲ. ಸಣ್ಣದು ಮಾಡಿ ಆಡುವವರ ದನಿ ಸರಿಯಿಲ್ಲ, ಅಷ್ಟೇ.

ಪ್ರಶ್ನೆ: ಕಿನ್ನಾಳದ ದೇವರ ಕಣ್ಣು ಅಷ್ಟು ದೊಡ್ಡದು ಯಾಕೆ? ಸಣ್ಣವನಿದ್ದಾಗ ನಮ್ಮೂರಿನ ದುರಗವ್ವನ ಕಣ್ಣು ನೋಡಿ ಅತ್ತಿದ್ದೆನಂತೆ. 
ಓದುಗ, ಸಿರುಗುಪ್ಪ

ಉತ್ತರ: ಅಷ್ಟು ದೂರದಿಂದ ಕಾಣಬೇಕಲ್ಲ, ಅದಕ್ಕೆ. ಜಾತ್ರೆಯಲ್ಲಿ ಸಾವಿರ ತಲೆಗಳ ಹಿಂದೆ, ಅಪ್ಪನ ಹೆಗಲ ಮೇಲೆ ಕೂತ ಹುಡುಗನಿಗೂ ದೇವಿ ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಬೇಕು. ನಿಮಗೆ ಹಾಗೇ ಅನ್ನಿಸಿದೆ, ಅದಕ್ಕೇ ಅತ್ತಿದ್ದೀರಿ. ನಾವು ಗುಡಿಗೆ ಹೋಗುವುದು ದೇವರನ್ನು ನೋಡಲು ಎಷ್ಟೋ, ದೇವರ ಕಣ್ಣಿಗೆ ಬೀಳಲೂ ಅಷ್ಟೇ. ಹಾಗಾಗಿ ಸುತ್ತ ಗಾಢ ಬಣ್ಣ, ನಡುವೆ ಬೆಳ್ಳನೆಯ ಕಣ್ಣು, ಅದರ ಸುತ್ತ ದಪ್ಪ ಕಪ್ಪು ಗೆರೆ. ಮೂರ್ತಿ ಮಾಡುವವರು ಎಲ್ಲ ಕೆಲಸ ಮುಗಿಸಿ ಕಡೆಗೆ ಕಣ್ಣು ಬರೆಯುತ್ತಾರೆ.

ಇದಕ್ಕೆ ಪೂರ್ತಿ ಉಲ್ಟಾ ಮಾಡಿದ ಒಬ್ಬರಿದ್ದರು. ಜಪಾನಿನ ಕಾತ್ಸುರಾ ಫುನಾಕೋಶಿ. 1951ರಲ್ಲಿ ಹುಟ್ಟಿ 2024ರಲ್ಲಿ ತೀರಿಕೊಂಡರು. ಕರ್ಪೂರದ ಮರದಲ್ಲಿ ಸೊಂಟದಿಂದ ಮೇಲಿನ ಮನುಷ್ಯರನ್ನು ಕೆತ್ತಿ, ಮೆಲ್ಲಗೆ ಬಣ್ಣ ಹಚ್ಚುತ್ತಿದ್ದರು. ಕಣ್ಣು ಮಾತ್ರ ಅಮೃತಶಿಲೆಯದು. ಆ ಎರಡು ಕಣ್ಣುಗಳ ನೋಟ ಒಂದೇ ಕಡೆ ಸೇರುವುದಿಲ್ಲ, ಚೂರು ಚೂರು ಆಚೀಚೆ ಹೋಗುತ್ತದೆ. ನಾವು ಎದುರು ಎಲ್ಲೇ ನಿಂತರೂ ಆ ಮುಖ ನಮ್ಮನ್ನು ದಾಟಿ ದೂರ ಎಲ್ಲೋ ನೋಡುತ್ತಿರುತ್ತದೆ. ಏನೋ ಯೋಚನೆಯಲ್ಲಿದ್ದಾರೆ, ಮಾತಾಡಿಸಬಾರದು ಅನ್ನಿಸುತ್ತದೆ. ದುರಗವ್ವನ ಕಣ್ಣು ನಮ್ಮನ್ನು ಹಿಡಿದು ನಿಲ್ಲಿಸುತ್ತದೆ, ಈ ಕಣ್ಣು ನಮ್ಮನ್ನು ನಮ್ಮ ಪಾಡಿಗೆ ಬಿಡುತ್ತದೆ. ಎರಡಕ್ಕೂ ಬೇಕಾದದ್ದು ಎರಡು ಚುಕ್ಕಿ ಮಾತ್ರ, ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಪ್ರಶ್ನೆ: ಮಗಳ ಮದುವೆಗೆ ಉಡುಗೊರೆಯಾಗಿ ಕಿನ್ನಾಳದ ಗಣಪತಿ ಬಂದಿದೆ. ರಾಯಚೂರಿನ ಬಿಸಿಲು, ಧೂಳು ನಿಮಗೆ ಗೊತ್ತೇ ಇದೆ. ಹೇಗೆ ಕಾಪಾಡಿಕೊಳ್ಳಬೇಕು? 
ಗೃಹಿಣಿ, ರಾಯಚೂರು

ಉತ್ತರ: ಅಕ್ಕಾರೆ, ಮೊದಲ ಮಾತು: ಒದ್ದೆ ಬಟ್ಟೆ ಹಚ್ಚಬೇಡಿ. ನಾನು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ದಸರೆಗೆ ಎಲ್ಲ ತೊಳೆಯುವಾಗ ಅವ್ವ ಗಣಪತಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಕಿವಿಯ ಹತ್ತಿರ ಬಣ್ಣ ಉಬ್ಬಿತು, ಎರಡು ದಿನಕ್ಕೆ ಹಪ್ಪಳದಂತೆ ಎದ್ದು ಬಿತ್ತು. ಅವ್ವ ಬಹಳ ನೊಂದುಕೊಂಡರು. ಒಳಗಿರುವುದು ಹುಣಸೆ ಬೀಜದ ಅಂಟು. ನೀರು ಸಿಕ್ಕರೆ ಅದು ಮೆತ್ತಗಾಗುತ್ತದೆ. ಬಣ್ಣ ಎಷ್ಟೇ ಗಟ್ಟಿ ಇದ್ದರೂ ಕೆಳಗಿನ ನೆಲವೇ ಸಡಿಲಾದರೆ ಏನು ಮಾಡಲಿಕ್ಕೆ ಬರುತ್ತದೆ? ಮೆತ್ತನೆಯ ಒಣ ಬ್ರಷ್ ಇಟ್ಟುಕೊಂಡು ವಾರಕ್ಕೊಮ್ಮೆ ಧೂಳು ಹಾರಿಸಿ, ಸಾಕು.

ಎರಡನೆಯದು ಕೂಲರ್. ಬಿಸಿಲಿಗಿಂತ ಇದರ ಬಗ್ಗೆ ಜಾಸ್ತಿ ಹುಷಾರಾಗಿರಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಒಣ ಗಾಳಿ, ಕೂಲರ್ ಹಾಕಿದರೆ ತೇವದ ಗಾಳಿ, ನಿಲ್ಲಿಸಿದರೆ ಮತ್ತೆ ಒಣ. ಮರ ತೇವ ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದೂ ಉದ್ದಕ್ಕೆ ಅಲ್ಲ, ಅಗಲಕ್ಕೆ. ಮೇಲಿನ ಲೇಪ, ಬಣ್ಣ ಅಷ್ಟು ಬಾಗುವುದಿಲ್ಲ. ದಿನಾ ಹೀಗೆ ಎಳೆದಾಡಿದರೆ ಬಣ್ಣ ಬಿರಿಯುತ್ತದೆ. ಹಾಗಾಗಿ ಕೂಲರ್ ಎದುರು ಬೇಡ, ಪಶ್ಚಿಮದ ಕಿಟಕಿಯ ಹತ್ತಿರ ಬೇಡ, ದೀಪ, ಊದಿನಕಡ್ಡಿಯ ಹೊಗೆ ನೇರ ತಾಗುವ ಕಡೆಯೂ ಬೇಡ. ನಡುಮನೆಯ ಒಳಗೋಡೆಗೆ ಒರಗಿಸಿದ ಗಾಜಿನ ಕಪಾಟು ಒಳ್ಳೆಯದು.

ಬಣ್ಣದ ಚೂರು ಬಿದ್ದರೆ ಮನೆಯಲ್ಲಿರುವ ಅಂಟು ಹಚ್ಚಬೇಡಿ. ಚೂರನ್ನು ಕಾಗದದ ಪೊಟ್ಟಣದಲ್ಲಿ ಎತ್ತಿಟ್ಟು, ಮಾಡಿದವರ ಹತ್ತಿರವೇ ಒಯ್ಯಿರಿ. ಕೆಳಗೆ ಸಣ್ಣ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಬಿದ್ದಿದೆ ಎಂದು ತಿಳಿಯಿರಿ. ಉಳಿದ ಮರದ ಸಾಮಾನಿನಿಂದ ತಕ್ಷಣ ದೂರ ಇಡಿ.

ಪ್ರಶ್ನೆ: ಅಂಗೈಯಗಲದ ಮರದ ಗೊಂಬೆಗೆ ಅಷ್ಟು ಬೆಲೆ ಯಾಕೆ? ಪ್ಲಾಸ್ಟಿಕ್‌ನದು ಹತ್ತರಲ್ಲಿ ಒಂದು ಪಾಲಿಗೆ ಸಿಗುತ್ತದೆ. 
ನೌಕರ, ಬಳ್ಳಾರಿ

ಉತ್ತರ: ಮೇಲೆ ಕೊಪ್ಪಳದ ತಂಗಿಗೆ ಬರೆದದ್ದನ್ನು ಓದಿ, ಎಷ್ಟು ಲೇಪ ಎಂದು ಎಣಿಸಿ. ಪ್ರತಿ ಲೇಪವೂ ಒಣಗಬೇಕು. ಒಣಗುವಷ್ಟು ದಿನ ಆ ಮನೆಯವರು ಊಟ ಮಾಡಬೇಕು. ನೀವು ಕೊಡುವ ದುಡ್ಡು ಮರಕ್ಕಲ್ಲ, ಆ ದಿನಗಳಿಗೆ. ಇನ್ನೊಂದು ಮಾತು. ಕಿನ್ನಾಳ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಇದೆ. ಅದೇ ಹೆಸರು ಹೇಳಿ ಬೇರೆ ಸಾಮಾನು ಮಾರುವವರೂ ಇರುತ್ತಾರೆ. ಸಾಧ್ಯವಾದರೆ ಊರಿಗೇ ಹೋಗಿ ಕೊಳ್ಳಿ. ಚೌಕಾಸಿ ಮಾಡಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ನಾನು ಬಡಗಿ. ಬಾಗಿಲು, ಕಿಟಕಿ, ಮಂಚ ಮಾಡುತ್ತೇನೆ. ಆ ಜರ್ಮನಿಯವರ ಕೆಲಸ ನೋಡಿ ಕೈ ತುರಿಸುತ್ತಿದೆ. ನಾನೂ ಬಣ್ಣದ ಮನುಷ್ಯರನ್ನು ಕೆತ್ತಬಹುದಾ? ಯಾವ ಮರ, ಯಾವ ಬಣ್ಣ? ಆರ್ಟ್ ಸ್ಕೂಲ್ ಕಂಡವನಲ್ಲ. 
ಓದುಗ, ಗಂಗಾವತಿ

ಉತ್ತರ: ತಮ್ಮಾ, ಈ ತಿಂಗಳ ಪತ್ರಗಳಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದು ನಿನ್ನದು. ಖಂಡಿತ ಕೆತ್ತು. ಉಳಿ ಸಾಣೆ ಹಿಡಿಯುವುದು ನಿನಗೆ ಗೊತ್ತು, ಮರದ ಎಳೆ ಯಾವ ಕಡೆ ಓಡುತ್ತದೆ ಎಂದು ಕೈಗೇ ಗೊತ್ತು. ಕಲಾ ಶಾಲೆಯ ಹುಡುಗರು ಇದನ್ನು ಕಲಿಯಲು ವರ್ಷಗಟ್ಟಲೆ ಒದ್ದಾಡುತ್ತಾರೆ.

ಮರದ ವಿಷಯ. ತೇಗ ನಿನ್ನ ಕೈಗೆ ಪಳಗಿದ್ದು, ಆದರೆ ಅದರಲ್ಲಿ ಎಣ್ಣೆ ಅಂಶ ಇದೆ, ಬಣ್ಣ ಸರಿಯಾಗಿ ಕಚ್ಚುವುದಿಲ್ಲ. ಬೆಲೆಯೂ ಜಾಸ್ತಿ. ಬೇವು ಸಿಗುತ್ತದೆ, ಪುರಿಯ ಜಗನ್ನಾಥನನ್ನೇ ಬೇವಿನಲ್ಲಿ ಮಾಡುತ್ತಾರೆ. ಆದರೆ ಅದರ ಎಳೆ ಒಂದು ಕಡೆ ಹೀಗೆ, ಒಂದು ಕಡೆ ಹಾಗೆ ಹೆಣೆದುಕೊಂಡಿರುತ್ತದೆ, ಉಳಿ ಎಗರುತ್ತದೆ. ಶುರುವಿಗೆ ಮರದ ಅಡ್ಡೆಯಲ್ಲಿ ಸಿಲ್ವರ್ ಓಕ್‌ನಂಥ ಹಗುರ ಮರದ ಒಣಗಿದ ತುಂಡು ಕೇಳು, ಮೊಳದುದ್ದ ಸಾಕು. ಹಸಿ ದಿಮ್ಮಿ ಕೆತ್ತಿದರೆ ಬಿರುಕು ಬಿಡುವುದು ಖಂಡಿತ, ಯಾಕೆಂದರೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳತಿರುಳು ಕುಗ್ಗಲು ತಯಾರಿರುವುದಿಲ್ಲ. ಬಾಲ್ಕೆನ್‌ಹೋಲ್ ಆ ಬಿರುಕನ್ನು ಒಪ್ಪಿಕೊಂಡುಬಿಟ್ಟಿದ್ದಾರೆ. ಒಪ್ಪದವರು ಬೇರೆ ದಾರಿ ಹುಡುಕಿದ್ದಾರೆ. ಯುರೋಪಿನ ಹಳೆಯ ಶಿಲ್ಪಿಗಳು ಬೆನ್ನ ಕಡೆಯಿಂದ ಟೊಳ್ಳು ಮಾಡುತ್ತಿದ್ದರು. ಜಪಾನಿನಲ್ಲಿ ಜೋಚೊ ಎಂಬ ಶಿಲ್ಪಿ 1053ರಲ್ಲಿ ಬ್ಯೋದೊಇನ್ ಗುಡಿಗೆ ಮಾಡಿದ ದೊಡ್ಡ ಬುದ್ಧ ಹಲವು ತುಂಡುಗಳನ್ನು ಜೋಡಿಸಿದ್ದು, ಒಳಗೆ ಟೊಳ್ಳು, ಇವತ್ತಿಗೂ ಕೂತಿದ್ದಾನೆ. ನಿನ್ನ ಪಕ್ಕದ ಕಿನ್ನಾಳದವರ 12 ತುಂಡು, 22 ತುಂಡು ಇದೆಯಲ್ಲ, ಅದೂ ಅದೇ ಬುದ್ಧಿ. ಸಣ್ಣ ತುಂಡು ಸಣ್ಣದಾಗಿಯೇ ಎಳೆದಾಡುತ್ತದೆ. ಜೋಡಿಸಿದ ಗೆರೆ ಬಣ್ಣದ ಮೇಲೆ ಮೂಡಬಾರದೆಂದರೆ ನಡುವೆ ಬಟ್ಟೆ ಬೇಕು. ಬಟ್ಟೆ ಸುಮ್ನೆ ಅಂಟಿಸಿದ್ದಲ್ಲ.

ಬಣ್ಣಕ್ಕೆ ಅಕ್ರಿಲಿಕ್ ತೆಗೆದುಕೋ. ನಿನ್ನ ಬಾಗಿಲಿಗೆ ಹಚ್ಚುವ ಎಣ್ಣೆಬಣ್ಣ ದಪ್ಪ ಕೂತು ಉಳಿಯ ಗುರುತನ್ನೆಲ್ಲ ನುಂಗುತ್ತದೆ. ಮೊದಲು ಅದೇ ಮರದ ಚೂರಿನ ಮೇಲೆ ನೀರು ಬೆರೆಸಿ ತೆಳ್ಳಗೆ ಹಚ್ಚಿ ನೋಡು. ಎಳೆಯ ಉದ್ದಕ್ಕೆ ಬಣ್ಣ ಮೇಲೆ ನಿಲ್ಲುತ್ತದೆ, ಅಡ್ಡ ಕೊಯ್ದ ತುದಿಯಲ್ಲಿ ಕುಡಿದು ಕಪ್ಪಾಗುತ್ತದೆ. ಇದು ಗೊತ್ತಿರಲಿ, ಇಲ್ಲದಿದ್ದರೆ ಭುಜದ ಮೇಲೆ ಒಂದು ಬಣ್ಣ, ತೋಳಿನಲ್ಲಿ ಇನ್ನೊಂದು ಬಣ್ಣ ಆಗುತ್ತದೆ. ಜಾತ್ರೆಯ ಬಣ್ಣದ ಹಾಗೆ ಝಗಝಗ ಬೇಕೆಂದರೆ ಕೆಳಗೆ ಬಿಳಿ ಲೇಪ ಬೇಕು. ಬಿಳಿಯ ಮೇಲೆ ಬಿದ್ದ ಕೆಂಪು ಹೊಳೆಯುತ್ತದೆ, ಮರದ ಮೇಲೆ ಬಿದ್ದ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಎರಡೂ ಚೆಂದ. ಯಾವುದು ಬೇಕು ಅಂತ ಮೊದಲೇ ತೀರ್ಮಾನ ಮಾಡು.

ಇನ್ನು ಏನು ಕೆತ್ತಬೇಕು. ಬಿಳಿ ಅಂಗಿ, ಕರಿ ಪ್ಯಾಂಟಿನ ಮನುಷ್ಯನನ್ನು ಮಾತ್ರ ಕೆತ್ತಬೇಡ. ಅವನು ಅವರ ಊರಿನವನು. ನಿನ್ನ ಊರಿನಲ್ಲಿ ಭತ್ತದ ಗದ್ದೆಯಲ್ಲಿ ಮೊಣಕಾಲ ತನಕ ಕೆಸರಾಗಿ ನಾಟಿ ಹಚ್ಚುವ ಹೆಂಗಸರಿದ್ದಾರೆ. ಸೀರೆ ಮೇಲೆ ಗಂಡಸರ ಅಂಗಿ ಹಾಕಿಕೊಂಡಿರುತ್ತಾರೆ, ತಲೆಗೆ ಟವೆಲ್. ಎಂಥ ಬಣ್ಣಗಳು ಅವು! ಅವರನ್ನು ನೋಡು. ರೈಸ್ ಮಿಲ್ಲಿನ ಮುಂದೆ ಚೀಲ ಹೊತ್ತು ಬೆಳ್ಳಗಾದ ಹಮಾಲರನ್ನು ನೋಡು. ಅಂಗಿಯ ಬಣ್ಣ ಎಲ್ಲಿ ಮುಗಿಯುತ್ತದೆ, ಕೆಸರು ಎಲ್ಲಿ ಶುರುವಾಗುತ್ತದೆ ಎಂದು ನೋಡಿ, ಆ ಗೆರೆಯ ಹತ್ತಿರ ನಿನ್ನ ಬ್ರಷ್ ನಿಲ್ಲಿಸು. ಮೊದಲ ಐದಾರು ಕೆಡುತ್ತವೆ. ಒಲೆಗೆ ಹಾಕಬೇಡ, ಇಟ್ಟುಕೋ. ಏಳನೆಯದರ ಫೋಟೋ ನನಗೆ ಕಳಿಸು.

ಪ್ರಶ್ನೆ: ನಮ್ಮ ಊರ ದ್ಯಾಮವ್ವನ ಮೂರ್ತಿ ಮರದ್ದು, ಬಹಳ ಹಳೆಯದು. ಜಾತ್ರೆಗೆ ಮುಂಚೆ ಬಣ್ಣಕ್ಕೆ ಕಳಿಸುವ ಪದ್ಧತಿ ಇದೆ. ಈ ಸಲ ಓದಿದ ಹುಡುಗರು ಬೇಡ ಎನ್ನುತ್ತಿದ್ದಾರೆ, ಹಳೆಯ ಬಣ್ಣ ಇತಿಹಾಸ, ಹಾಗೇ ಉಳಿಸಬೇಕಂತೆ. ಹಿರಿಯರು ದೇವಿಯನ್ನು ಮಾಸಿದ ಮುಖದಲ್ಲಿ ತೇರಿಗೆ ಕೂರಿಸುವುದಾ ಎನ್ನುತ್ತಾರೆ. ಊರು ಎರಡಾಗಿದೆ. ನೀವೇನು ಹೇಳುತ್ತೀರಿ? 
ಜಾತ್ರೆ ಸಮಿತಿಯ ಸದಸ್ಯ, ಯಲಬುರ್ಗಾ ತಾಲ್ಲೂಕು

ಉತ್ತರ: ಅಣ್ಣಾರೆ, ಹುಡುಗರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ನಾನು ಹಿರಿಯರ ಕಡೆ. ಬಣ್ಣ ಹಚ್ಚಿ. ಮ್ಯೂಸಿಯಂನಲ್ಲಿ ಇರುವ ಮೂರ್ತಿಗೆ ಹಳೆಯ ಬಣ್ಣ ಉಳಿಸುವುದು ಸರಿ. ನಿಮ್ಮ ದ್ಯಾಮವ್ವ ಇನ್ನೂ ಊರಲ್ಲಿ ಬಾಳುತ್ತಿದ್ದಾಳೆ. ಬಣ್ಣಕ್ಕೆ ಹೋಗುವುದು, ಹೊಸ ಮುಖ ಹೊತ್ತು ಬರುವುದು, ಕಣ್ಣು ಬರೆಸಿಕೊಳ್ಳುವುದು ಇವೆಲ್ಲ ಸೇರಿಯೇ ಅವಳ ಜಾತ್ರೆ. ಬಣ್ಣ ಎಲ್ಲಿ ನಿಂತಿದೆ ಎಂದು ಬೇರೆಯವರಿಗೆ ಕೇಳಿದಂತೆ ಇಲ್ಲಿ ಕೇಳಿದರೆ, ಇಲ್ಲಿ ಬಣ್ಣ ಕಾಲದಲ್ಲೂ ನಿಲ್ಲುವುದಿಲ್ಲ. ನಿಮ್ಮ ಅಜ್ಜ ನೋಡಿದ ಮುಖದ ಮೇಲೆ ನಿಮ್ಮ ಅಪ್ಪ ನೋಡಿದ ಮುಖ, ಅದರ ಮೇಲೆ ನೀವು ನೋಡಿದ್ದು. ಪುರಿಯಲ್ಲಿ ಬಣ್ಣ ಮಾತ್ರ ಅಲ್ಲ, ಮರವನ್ನೇ ಬದಲಿಸುತ್ತಾರೆ. ನವಕಳೇಬರ ಎನ್ನುತ್ತಾರೆ, ಹೊಸ ಮೈ ಎಂದು ಅರ್ಥ. 1996ರಲ್ಲಿ ಆಗಿತ್ತು, ಆಮೇಲೆ 2015ರಲ್ಲಿ ಆಯಿತು. ಜಗನ್ನಾಥ ಹಳಬನೇ ಎಂದು ಜನ ನಂಬುತ್ತಾರೆ.

ಇಂಥ ಜಗಳ ನಿಮ್ಮ ಊರಿಗೆ ಮಾತ್ರ ಬಂದದ್ದಲ್ಲ. ಜರ್ಮನಿಯ ಮ್ಯುನರ್‌ಸ್ಟಾಟ್ ಎಂಬ ಊರಿನ ಚರ್ಚಿಗೆ 1490ರಿಂದ 1492ರ ತನಕ ಟಿಲ್ಮನ್ ರೀಮೆನ್‌ಶ್ನೈಡರ್ ಎಂಬ ದೊಡ್ಡ ಶಿಲ್ಪಿ ಮರದ ಮೂರ್ತಿಗಳನ್ನು ಕೆತ್ತಿಕೊಟ್ಟರು. ಬಣ್ಣ ಹಚ್ಚಲಿಲ್ಲ, ಮರವನ್ನು ಹಾಗೇ ಬಿಟ್ಟರು. ಹತ್ತು ಹನ್ನೆರಡು ವರ್ಷ ಕಳೆಯಿತು. 1504ರ ಹೊತ್ತಿಗೆ ಊರಿನವರು ವೈಟ್ ಶ್ಟೋಸ್ ಎಂಬ ಇನ್ನೊಬ್ಬ ದೊಡ್ಡ ಶಿಲ್ಪಿಯಿಂದ ಬಣ್ಣ ಹಚ್ಚಿಸಿದರು. ಮುಂದೆ ಯಾವುದೋ ಕಾಲದಲ್ಲಿ ಆ ಬಣ್ಣವನ್ನೂ ಕೆರೆದು ತೆಗೆದರು. ಹಚ್ಚಿದವರ ಮೇಲೆ ನನಗೆ ಸಿಟ್ಟಿಲ್ಲ. ಕೆರೆದವರ ಮೇಲೆ ಇದೆ. ಆ ಮೂರ್ತಿಗಳ ಮೇಲೆ ಶ್ಟೋಸ್ ಹಚ್ಚಿದ ಬಣ್ಣ ಹೇಗಿತ್ತು ಎಂದು ನೋಡುವ ದಾರಿಯನ್ನೇ ಅವರು ಮುಚ್ಚಿದರು.

ಆದ್ದರಿಂದ ಹುಡುಗರಿಗೂ ಕೆಲಸ ಕೊಡಿ. ಬಣ್ಣಕ್ಕೆ ಕಳಿಸುವ ಮುಂಚೆ ಹಗಲು ಬೆಳಕಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಸಿ. ಮುಖ, ಕೈ, ಬೆನ್ನು, ಪೀಠದ ತಳ, ಬಣ್ಣ ಎದ್ದ ಜಾಗ ಎಲ್ಲ. ಯಾವ ವರ್ಷ, ಯಾರು ಬಣ್ಣ ಹಚ್ಚಿದರು, ಯಾವ ಬಣ್ಣ ಎಂದು ಹಿರಿಯರಿಗೆ ನೆನಪಿದ್ದಷ್ಟನ್ನು ಅವರ ಬಾಯಿಂದಲೇ ಕೇಳಿ ಬರೆಸಿ. ಬಣ್ಣ ಹಚ್ಚುವವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ: ಗ್ಯಾಸಿನ ಬೆಂಕಿ ಹಿಡಿದು, ಸ್ಯಾಂಡ್‌ಪೇಪರ್ ಹಾಕಿ ಮರದ ತನಕ ಕೆರೆಯುವುದು ಬೇಡ. ಸಡಿಲಾದದ್ದನ್ನು ಮಾತ್ರ ತೆಗೆದು, ಗಟ್ಟಿ ಇರುವ ಹಳೆಯ ಪದರದ ಮೇಲೆ ಹೊಸದು ಹಚ್ಚಲಿ. ಗೋಡೆಗೆ, ಗೇಟಿಗೆ ಹಚ್ಚುವವರನ್ನು ಕರೆಸಬೇಡಿ, ಈ ಕೆಲಸವನ್ನೇ ಮಾಡಿಕೊಂಡು ಬಂದ ಚಿತ್ರಗಾರರ ಮನೆಗೆ ಕಳಿಸಿ. ಪೀಠದ ಹಿಂದೆ, ಯಾರಿಗೂ ಕಾಣದ ಕಡೆ, ಅಂಗೈಯಗಲ ಜಾಗದಲ್ಲಿ ಹಳೆಯ ಬಣ್ಣವನ್ನು ಮುಟ್ಟದೆ ಬಿಡಲು ಹೇಳಿ. ಹಿರಿಯರಿಗೆ ಹೊಸ ಮುಖ ಸಿಗುತ್ತದೆ, ಹುಡುಗರಿಗೆ ಅವರ ಇತಿಹಾಸ ಅಲ್ಲಿ ಉಳಿಯುತ್ತದೆ.

ಮೂರ್ತಿ ಬಣ್ಣದಿಂದ ವಾಪಸ್ ಊರಿಗೆ ಬರುವ ದಿನ ಯಾವುದು ಎಂದು ಒಂದು ಕಾರ್ಡ್ ಹಾಕಿ. ಕಣ್ಣು ಬರೆದ ಮೇಲೆ ಮೊದಲ ಸಲ ಊರಿನವರು ಅವಳನ್ನು ನೋಡುವಾಗ ನಾನೂ ಅಲ್ಲಿರಬೇಕು.